ದಾರಿ ಹುಡುಕುವ ಎಂಜಿನ್ ಆರಿಸುವ ಮುನ್ನ: ಒಎಸ್‌ಆರ್‌ಎಂ, ಗ್ರಾಫ್‌ಹಾಪರ್, ವಾಲ್‌ಹಲ್ಲಾ ಹೋಲಿಕೆ

ಮಳೆಗಾಲದಲ್ಲಿ ಚಾರ್ಮಾಡಿ ಘಾಟಿಗೆ ಭಾರಿ ವಾಹನ ಬಿಡಬಾರದು ಎಂದು ಜಿಲ್ಲಾಡಳಿತ ಆದೇಶ ಹೊರಡಿಸುತ್ತದೆ. ನಿಮ್ಮ ಸರ್ವರ್‌ನಲ್ಲಿರುವ ಎಂಜಿನ್‌ಗೆ ಆ ಸುದ್ದಿ ಮುಟ್ಟಲು ಎಷ್ಟು ಹೊತ್ತು ಬೇಕು? ಐದು ಸೆಕೆಂಡೇ, ಐದು ನಿಮಿಷವೇ, ಇಡೀ ರಾತ್ರಿಯೇ? ಎಂಜಿನ್ ಆರಿಸುವಾಗ ಮೊದಲು ಕೇಳಬೇಕಾದ ಪ್ರಶ್ನೆ ಇದು. ಹೆಚ್ಚಿನವರು ವೇಗದ ಅಂಕಿ ನೋಡಿ ಆರಿಸುತ್ತಾರೆ. ಆದರೆ ವೇಗ ಎಲ್ಲಿಂದ ಬರುತ್ತದೆ ಎಂದು ನೋಡಿದರೆ, ನಿಯಮಗಳನ್ನು ಮೊದಲೇ ಗಟ್ಟಿ ಮಾಡಿಟ್ಟಷ್ಟೂ ಉತ್ತರ ಬೇಗ ಸಿಗುತ್ತದೆ. ಹಾಗೆ ಗಟ್ಟಿಯಾದದ್ದನ್ನು ಬದಲಿಸುವುದು ಅಷ್ಟೇ ಕಷ್ಟ. ಮೆಮೊರಿ ಇವೆರಡರ ನಡುವೆ ತೆರುವ ಬೆಲೆ.

ಲೆಕ್ಕದ ಬುಡಕ್ಕೆ ಒಮ್ಮೆ ಹೋಗಿಬರೋಣ. 1959ರಲ್ಲಿ ಪ್ರಕಟವಾದ ಡೈಕ್‌ಸ್ಟ್ರಾ ವಿಧಾನ ಹೊರಟ ಜಾಗದಿಂದ ಎಲ್ಲ ದಿಕ್ಕಿಗೂ ನೀರು ಹರಡಿದಂತೆ ಹುಡುಕುತ್ತದೆ. ಯಾವ ಪೂರ್ವತಯಾರಿಯೂ ಬೇಡ, ರಸ್ತೆಯ ತೂಕವನ್ನು, ಅಂದರೆ ಅದನ್ನು ದಾಟಲು ತಗಲುವ ಹೊತ್ತಿನಂಥ ಬೆಲೆಯನ್ನು, ಯಾವಾಗ ಬೇಕಾದರೂ ಬದಲಿಸಬಹುದು. ಆದರೆ ಸಂಶೋಧಕರು ಅಳತೆಗೋಲಾಗಿ ಬಳಸುವ ಪಶ್ಚಿಮ ಯುರೋಪಿನ ನಕ್ಷೆಯಲ್ಲಿ ಸುಮಾರು 1.8 ಕೋಟಿ ನೋಡ್‌ಗಳು, ಅಂದರೆ ರಸ್ತೆಯ ಮೇಲಿನ ಬಿಂದುಗಳು ಇವೆ. ಅದರಲ್ಲಿ ದೂರದ ಒಂದು ದಾರಿಗೆ ಡೈಕ್‌ಸ್ಟ್ರಾ ಕೆಲವು ಸೆಕೆಂಡು ತೆಗೆದುಕೊಳ್ಳುತ್ತದೆ. 2008ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯ ಸಂಶೋಧಕರು ಪ್ರಕಟಿಸಿದ ಕಾಂಟ್ರಾಕ್ಷನ್ ಹೈರಾರ್ಕಿ, ಅಂದರೆ ಸಿಎಚ್, ಅದೇ ಕೆಲಸವನ್ನು ಒಂದು ಮಿಲಿಸೆಕೆಂಡಿಗೂ ಕಡಿಮೆ ಹೊತ್ತಿನಲ್ಲಿ ಮುಗಿಸುತ್ತದೆ. ಅದು ಕಡಿಮೆ ಮುಖ್ಯವಾದ ನೋಡ್‌ಗಳನ್ನು ಒಂದೊಂದಾಗಿ ತೆಗೆದುಹಾಕುತ್ತಾ ಉಳಿದವುಗಳ ನಡುವೆ ‘ಒಳದಾರಿ’ ಹಾಕುತ್ತದೆ. ಹುಡುಕುವಾಗ ಎರಡೂ ತುದಿಯಿಂದ ಮೇಲ್ಮುಖವಾಗಿ ಮಾತ್ರ ಹತ್ತುತ್ತದೆ. ಆದರೆ ಪ್ರತಿ ಒಳದಾರಿಯೂ ತಯಾರಿಯ ದಿನದ ತೂಕಗಳನ್ನು ಕೂಡಿ ಹಾಕಿದ್ದು. ಒಂದು ರಸ್ತೆಯ ತೂಕ ಬದಲಾದರೂ ಯಾವ ಯಾವ ಒಳದಾರಿ ಸುಳ್ಳಾಯಿತೆಂದು ಹೇಳುವುದು ಕಷ್ಟ. ಹಾಗಾಗಿ ಮತ್ತೆ ಮೊದಲಿನಿಂದ ಕಟ್ಟಬೇಕು.

ಇವೆರಡರ ನಡುವೆ ಎರಡು ಮೆಟ್ಟಿಲುಗಳಿವೆ. ಒಂದು, ನಕ್ಷೆಯನ್ನು ತುಂಡುಗಳಾಗಿ ಹಂಚಿ, ಹಂಚಿಕೆಯನ್ನೂ ತೂಕವನ್ನೂ ಬೇರ್ಪಡಿಸುವುದು. ಒಎಸ್‌ಆರ್‌ಎಂ (ಓಪನ್ ಸೋರ್ಸ್ ರೂಟಿಂಗ್ ಮಷೀನ್) ಎಂಜಿನ್‌ನಲ್ಲಿ ಇದಕ್ಕೆ ಎಂಎಲ್‌ಡಿ, ಅಂದರೆ ಮಲ್ಟಿ ಲೆವೆಲ್ ಡೈಕ್‌ಸ್ಟ್ರಾ ಎಂದು ಹೆಸರು. ಇನ್ನೊಂದು, ಲ್ಯಾಂಡ್‌ಮಾರ್ಕ್. ಆಯ್ದ ಕೆಲವು ನೋಡ್‌ಗಳಿಂದ ಉಳಿದ ಎಲ್ಲಕ್ಕೂ ದೂರ ಬರೆದಿಟ್ಟುಕೊಂಡು, ಅದನ್ನೇ ಸುಳಿವಾಗಿ ಹಿಡಿದು ಹುಡುಕಾಟವನ್ನು ಗುರಿಯ ಕಡೆಗೆ ಎಳೆಯುವುದು. ಗ್ರಾಫ್‌ಹಾಪರ್ ಇದನ್ನು ಹೈಬ್ರಿಡ್ ಎನ್ನುತ್ತದೆ.

ಒಎಸ್‌ಆರ್‌ಎಂ: ನಿಯಮ ಅಪರೂಪಕ್ಕೆ ಬದಲಾಗುವವರಿಗೆ

ಸಿ++ನಲ್ಲಿ ಬರೆದ, ಬಿಎಸ್‌ಡಿ ಪರವಾನಗಿಯ ಎಂಜಿನ್ ಇದು. ನಕ್ಷೆಯ ಕಡತದಿಂದ ರಸ್ತೆಗಳನ್ನು ಹೆಕ್ಕುವ ಎಕ್ಸ್‌ಟ್ರಾಕ್ಟ್ ಹೆಜ್ಜೆ ಆದ ಮೇಲೆ ಎರಡು ಹಾದಿಗಳಿವೆ. ಸಿಎಚ್‌ಗಾದರೆ ಕಾಂಟ್ರಾಕ್ಟ್ ಒಂದೇ ಹೆಜ್ಜೆ. ಎಂಎಲ್‌ಡಿಗಾದರೆ ಪಾರ್ಟಿಷನ್, ಆಮೇಲೆ ಕಸ್ಟಮೈಸ್. ಹೊಸಬರು ಎಡವುವುದು ಇಲ್ಲಿಯೇ. ಎಂಎಲ್‌ಡಿ ತಯಾರಿ ಮಾಡಿ, ಸರ್ವರ್ ಶುರು ಮಾಡುವಾಗ ಅಲ್ಗಾರಿದಮ್ ಆಯ್ಕೆಯಲ್ಲಿ ಎಂಎಲ್‌ಡಿ ಎಂದು ಕೊಡುವುದನ್ನು ಮರೆಯುತ್ತಾರೆ. ಆಗ ಅದು ಸಿಎಚ್‌ನ ಕಡತ ಹುಡುಕಿ, ಸಿಗಲಿಲ್ಲ ಎಂದು ನಿಲ್ಲುತ್ತದೆ.

ಆಯ್ಕೆ ಸರಳ. ಸಾಮಾನ್ಯ ಬಳಕೆಗೆ ಎಂಎಲ್‌ಡಿ ಸಾಕು, ಯೋಜನೆಯವರ ಸಲಹೆಯೂ ಅದೇ. ದೊಡ್ಡ ದೂರಪಟ್ಟಿ ಬೇಕಿದ್ದರೆ ಮಾತ್ರ ಸಿಎಚ್‌ಗೆ ಹೋಗಿ. ಬೆಂಗಳೂರಿನಲ್ಲಿ 500 ವಿಳಾಸಗಳಿಗೆ ಪಾರ್ಸೆಲ್ ಹಂಚುವ ಲೆಕ್ಕ ಹಾಕುವುದೆಂದರೆ 2,50,000 ಜೋಡಿಗಳ ನಡುವಿನ ಸಮಯ ಬೇಕು. ಇಂಥ ಕೆಲಸದಲ್ಲಿ ಒಎಸ್‌ಆರ್‌ಎಂನ ಟೇಬಲ್ ಸೇವೆಗೆ ಸಾಟಿಯಿಲ್ಲ. ಪ್ರತಿ ಜೋಡಿಗೂ ಬೇರೆ ಹುಡುಕಾಟ ಮಾಡದೆ, ಪ್ರತಿ ವಿಳಾಸದಿಂದ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಹತ್ತಿ, ಮಧ್ಯೆ ಸಿಕ್ಕ ನೋಡ್‌ಗಳಲ್ಲಿ ಲೆಕ್ಕ ಕೂಡಿಸುತ್ತದೆ. ಟೇಬಲ್‌ನ ಮಿತಿ ತಾನಾಗಿ 100 ಸ್ಥಳಕ್ಕೆ ನಿಂತಿರುತ್ತದೆ, ದಾಟಿದರೆ ‘ಟೂಬಿಗ್’ ಎಂಬ ದೋಷ ಬರುತ್ತದೆ. ಸರ್ವರ್ ಶುರು ಮಾಡುವಾಗ ಗರಿಷ್ಠ ಟೇಬಲ್ ಗಾತ್ರವನ್ನು ಏರಿಸಿಕೊಳ್ಳಬೇಕು. ವಾಹನಗಳಿಗೆ ಕೆಲಸ ಹಂಚುವ ವ್ರೂಮ್ ಎಂಬ ಮುಕ್ತ ತಂತ್ರಾಂಶ ನೇರವಾಗಿ ಈ ಟೇಬಲ್ ಬಳಸಬಲ್ಲದು.

ದಟ್ಟಣೆ ಅಥವಾ ಬಂದ್ ಆದ ರಸ್ತೆಯನ್ನು ಹೇಳಲು ಸಿಎಸ್‌ವಿ ಕಡತ ಕೊಡಬೇಕು. ಪ್ರತಿ ಸಾಲಿನಲ್ಲಿ, ಜನರೇ ಸೇರಿ ತಿದ್ದುವ ಮುಕ್ತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಎರಡು ಪಕ್ಕಪಕ್ಕದ ನೋಡ್‌ಗಳ ಸಂಖ್ಯೆ, ಆಮೇಲೆ ಗಂಟೆಗೆ ಕಿಲೋಮೀಟರಿನಲ್ಲಿ ವೇಗ. ವೇಗ 0 ಎಂದರೆ ದಾರಿ ಮುಚ್ಚಿದೆ. ಎರಡು ಎಚ್ಚರಿಕೆ. ಸಾಲಿಗೆ ದಿಕ್ಕಿದೆ, ಹೋಗುವುದಕ್ಕೊಂದು ಬರುವುದಕ್ಕೊಂದು ಬರೆಯದಿದ್ದರೆ ಘಾಟಿ ಒಂದು ಕಡೆಯಿಂದ ತೆರೆದೇ ಇರುತ್ತದೆ. ಎರಡನೆಯದು ಇನ್ನೂ ಅಪಾಯಕಾರಿ. ನಕ್ಷೆ ತಿದ್ದುವವರು ಆ ಎರಡು ನೋಡ್‌ಗಳ ನಡುವೆ ಹೊಸದೊಂದನ್ನು ಸೇರಿಸಿದರೆ ಜೋಡಿ ಮುರಿಯುತ್ತದೆ, ನಿಮ್ಮ ಸಾಲು ಸದ್ದಿಲ್ಲದೆ ನಿಷ್ಫಲವಾಗುತ್ತದೆ. ಹೊಸ ನಕ್ಷೆ ತಂದಾಗಲೆಲ್ಲ ಈ ಕಡತವನ್ನೂ ಮರುಹೊಂದಿಸಬೇಕು.

ಕಡತ ಕೊಟ್ಟ ಮೇಲೆ ಎಂಎಲ್‌ಡಿಯಲ್ಲಿ ಕಸ್ಟಮೈಸ್ ಹೆಜ್ಜೆಯಷ್ಟೇ ಮತ್ತೆ ಓಡುತ್ತದೆ, ಪಾರ್ಟಿಷನ್ ಮುಟ್ಟಬೇಕಿಲ್ಲ. ಸಿಎಚ್‌ನಲ್ಲಾದರೆ ಇಡೀ ಕಾಂಟ್ರಾಕ್ಟ್ ಮತ್ತೆ. ಸೇವೆ ನಿಲ್ಲಿಸದೆ ಹೊಸ ದತ್ತಾಂಶ ಏರಿಸಲು ಡೇಟಾಸ್ಟೋರ್ ಎಂಬ ಸಾಧನವಿದೆ, ಅದು ಹಂಚಿಕೆಯ ಮೆಮೊರಿಗೆ ತುಂಬುತ್ತದೆ. ಬದಲಾಯಿಸುವ ಆ ಕ್ಷಣದಲ್ಲಿ ಹಳೆಯದೂ ಹೊಸದೂ ಒಟ್ಟಿಗೆ ಮೆಮೊರಿಯಲ್ಲಿರುತ್ತವೆ. ಎಲ್ಲ ದಿನ ಸರಿಯಾಗಿದ್ದ ಸರ್ವರ್ ಅಪ್‌ಡೇಟ್‌ನ ಹೊತ್ತಿಗೇ ಬೀಳುವುದು ಇದರಿಂದ. ಎಂಎಲ್‌ಡಿಯಲ್ಲಿ ತೂಕದ ಭಾಗವನ್ನಷ್ಟೇ ಬದಲಿಸುವ ಆಯ್ಕೆ ಇದೆ, ಅದನ್ನು ಬಳಸಿದರೆ ಈ ಹೊರೆ ಬಹಳ ಇಳಿಯುತ್ತದೆ.

ಮೆಮೊರಿಯ ವಿಷಯದಲ್ಲಿ ಒಎಸ್‌ಆರ್‌ಎಂ ದುಬಾರಿ. ತಿರುವುಗಳನ್ನು ಸರಿಯಾಗಿ ಲೆಕ್ಕ ಹಾಕಲು ಅದು ರಸ್ತೆ ತುಣುಕುಗಳನ್ನೇ ನೋಡ್‌ಗಳಾಗಿ ಮಾಡಿಕೊಂಡ ಹಿಗ್ಗಿದ ನಕ್ಷೆ ಕಟ್ಟುತ್ತದೆ. ಇಡೀ ಭೂಮಿಯ ಕಾರ್ ನಕ್ಷೆ ತಯಾರಿಸಲು 100 ಜಿಬಿಗಿಂತ ಹೆಚ್ಚಿನ ರ್ಯಾಮ್ ಬೇಕು. ಡಾಕರ್ ಎಂಬ ಕಂಟೇನರ್ ಸಾಧನದಲ್ಲಿ ತಯಾರಿ ಮಾಡುವಾಗ ಯಾವ ದೋಷದ ಮಾತೂ ಇಲ್ಲದೆ 137ರ ಸಂಕೇತದೊಂದಿಗೆ ನಿಂತರೆ, ಹೆಚ್ಚಿನ ಸಲ ಮೆಮೊರಿ ಸಾಲದೆ ಲಿನಕ್ಸ್ ಕರ್ನೆಲ್ ಅದನ್ನು ಕೊಂದಿರುತ್ತದೆ. ಕಾರಿಗೊಂದು, ಬೈಕಿಗೊಂದು, ನಡಿಗೆಗೊಂದು ಎಂದು ಮೂರು ಪ್ರೊಫೈಲ್ ಬೇಕೆಂದರೆ ಮೂರು ತಯಾರಿ, ಮೂರು ಪ್ರಕ್ರಿಯೆ, ಮೂರು ಪಾಲು ಮೆಮೊರಿ. ರ್ಯಾಮ್ ಕಡಿಮೆಯಿದ್ದರೆ ಎಂಮ್ಯಾಪ್ ಆಯ್ಕೆಯಿಂದ ಡಿಸ್ಕ್‌ನಿಂದಲೇ ಓದಿಸಬಹುದು, ಎಸ್‌ಎಸ್‌ಡಿ ಇದ್ದರೆ ಮಾತ್ರ. ತಯಾರಿಯನ್ನು ಕೆಲವು ಗಂಟೆಗೆ ಬಾಡಿಗೆ ಹಿಡಿದ ದೊಡ್ಡ ಯಂತ್ರದಲ್ಲಿ ಮಾಡಿ, ಸಿದ್ಧ ಕಡತಗಳನ್ನು ಚಿಕ್ಕ ಸರ್ವರ್‌ಗೆ ನಕಲಿಸುವುದು ಅಗ್ಗದ ದಾರಿ. ಎರಡೂ ಕಡೆ ಒಂದೇ ಆವೃತ್ತಿ ಇರಲಿ.

ಭಾರತದಲ್ಲಿ ಬಳಸುವವರು ಕಾರ್ ಪ್ರೊಫೈಲನ್ನು ತಿದ್ದದೆ ಬಳಸಬಾರದು. ಲುವಾ ಭಾಷೆಯಲ್ಲಿರುವ ಆ ಕಡತದಲ್ಲಿ, ನಕ್ಷೆಯ ರಸ್ತೆ ವರ್ಗಗಳಾದ ಟ್ರಂಕ್‌ಗೆ 85, ಪ್ರೈಮರಿಗೆ 65, ಸೆಕೆಂಡರಿಗೆ 55 ಕಿ.ಮೀ. ವೇಗ ಇಟ್ಟಿದೆ. ವೇಗಮಿತಿ ನಮೂದಾಗಿಲ್ಲದ ಕಡೆ, ಟ್ರಂಕ್ ಎಂದು ಗುರುತಿಸಿದ ಘಾಟಿ ಹೆದ್ದಾರಿಯಲ್ಲೂ ಗಾಡಿ 85ರಲ್ಲಿ ಓಡುತ್ತದೆ ಎಂದೇ ಲೆಕ್ಕ. ಹೇರ್‌ಪಿನ್ ತಿರುವುಗಳು ಎಂಜಿನ್ನಿಗೆ ಕಾಣುವುದಿಲ್ಲ, ಏಕೆಂದರೆ ತಿರುವಿನ ದಂಡ ರಸ್ತೆಗಳು ಕೂಡುವ ಜಾಗಕ್ಕಷ್ಟೇ ಅನ್ವಯ. ಇನ್ನೊಂದು, ಟರ್ನ್ ಬಯಾಸ್ ಎಂಬ 1.075ರ ಅಂಕಿ. ಅದು ಬಲಗಡೆ ಓಡಿಸುವ ದೇಶಗಳಿಗೆ ಬರೆದದ್ದು. ನಮ್ಮಲ್ಲಿ ಬಲಕ್ಕೆ ತಿರುಗುವುದೇ ಕಷ್ಟ, ಎಡಕ್ಕೆ ಸುಲಭ. ಆದ್ದರಿಂದ 1 ಭಾಗಿಸು 1.075 ಎಂದು ತಿರುಗಿಸಿ ಹಾಕಬೇಕು.

ಗ್ರಾಫ್‌ಹಾಪರ್: ಗ್ರಾಹಕರೊಬ್ಬೊಬ್ಬರಿಗೂ ಒಂದೊಂದು ನಿಯಮವಿದ್ದರೆ

ಜಾವಾದಲ್ಲಿ ಬರೆದದ್ದು, ಅಪಾಚೆ 2.0 ಪರವಾನಗಿ. ಇದರ ದೊಡ್ಡ ಗುಣವೆಂದರೆ ಮೂರು ರೀತಿಗಳು ಒಂದೇ ಸರ್ವರ್‌ನಲ್ಲಿ ಸಿಗುತ್ತವೆ: ಸಿಎಚ್‌ನ ವೇಗದ ರೀತಿ, ಲ್ಯಾಂಡ್‌ಮಾರ್ಕ್‌ನ ಹೈಬ್ರಿಡ್ ರೀತಿ, ತಯಾರಿಯೇ ಇಲ್ಲದ ಸಡಿಲ ರೀತಿ. ಒಂದೇ ನಕ್ಷೆಯನ್ನು ಹಲವು ಪ್ರೊಫೈಲ್‌ಗಳು ಹಂಚಿಕೊಳ್ಳುತ್ತವೆ. ಸಿಎಚ್ ಬೇಕೆಂದ ಪ್ರತಿ ಪ್ರೊಫೈಲಿಗೂ ಒಳದಾರಿಗಳ ಬೇರೆ ಕಂತೆ ಸೇರುತ್ತದೆ. ತಿರುವಿನ ನಿರ್ಬಂಧ ಪಾಲಿಸುವ ಪ್ರೊಫೈಲಾದರೆ ಆ ಕಂತೆ ಇನ್ನೂ ದಪ್ಪ, ತಯಾರಿಯೂ ನಿಧಾನ. ಹಾಗೆಂದು ಕಾರಿಗೆ ಆ ನಿರ್ಬಂಧವನ್ನು ಕೈಬಿಡಬೇಡಿ, ಪ್ರವೇಶವಿಲ್ಲದ ಕಡೆ ತಿರುಗಿಸುವ ನಕ್ಷೆ ಯಾರಿಗೂ ಬೇಡ.

ನಿಯಮ ಬರೆಯುವುದು ಕಸ್ಟಮ್ ಮಾಡೆಲ್ ಎಂಬ ಜೇಸನ್ ತುಣುಕಿನಲ್ಲಿ. ಅಲ್ಲಿ ಸ್ಪೀಡ್, ಪ್ರಯಾರಿಟಿ, ಡಿಸ್ಟೆನ್ಸ್ ಇನ್‌ಫ್ಲುಯೆನ್ಸ್ ಎಂಬ ಮೂರು ಹಿಡಿಕೆಗಳು. ರಸ್ತೆಯ ಬಗೆ ಟ್ರ್ಯಾಕ್ ಆದರೆ ಪ್ರಯಾರಿಟಿಯನ್ನು 0.1ರಿಂದ ಗುಣಿಸು, ಟೋಲ್ ಇದ್ದರೆ 0.5ರಿಂದ ಗುಣಿಸು ಎಂದು ಬರೆಯಬಹುದು. ಕರ್ವೇಚರ್ ಎಂಬ ಮೌಲ್ಯ ಸೇರಿಸಿಕೊಂಡರೆ ಅಂಕುಡೊಂಕಿನ ರಸ್ತೆಯಲ್ಲಿ ವೇಗ ಇಳಿಸುವ ನಿಯಮವನ್ನೂ ಬರೆಯಬಹುದು, ಘಾಟಿಯ ಸಮಯ ಆಗ ನಂಬುವಂತಾಗುತ್ತದೆ. ಚಾರ್ಮಾಡಿಯನ್ನು ಮುಚ್ಚಲು ಒಂದು ಬಹುಭುಜ ಬರೆದು, ಅದರೊಳಗಿನ ರಸ್ತೆಗೆ ಪ್ರಯಾರಿಟಿ 0 ಕೊಟ್ಟರಾಯಿತು. ಲಾರಿಗಳ ಕೋರಿಕೆಯಲ್ಲಿ ಮಾತ್ರ ಇದನ್ನು ಕಳಿಸಿದರೆ ಕಾರುಗಳು ಎಂದಿನಂತೆ ಹೋಗುತ್ತವೆ. ಸರ್ವರ್ ಮುಟ್ಟಬೇಕಿಲ್ಲ. ಬಹುಭುಜವನ್ನು ಮಾತ್ರ ಹೆದ್ದಾರಿಯ ಮೇಲೆ ಸಣ್ಣದಾಗಿ ಬರೆಯಿರಿ. ದೊಡ್ಡದಾಗಿ ಬಳಿದರೆ ಒಳಗಿನ ಊರುಗಳಿಗೂ ದಾರಿ ಇಲ್ಲವೆಂದು ಉತ್ತರ ಬರುತ್ತದೆ.

ಹೀಗೆ ಕೋರಿಕೆಯೊಂದಿಗೆ ನಿಯಮ ಕಳಿಸುವಾಗ ಪೋಸ್ಟ್ ವಿಧಾನವೇ (ವಿವರಗಳನ್ನು ಯುಆರ್‌ಎಲ್‌ನಲ್ಲಲ್ಲ, ಕೋರಿಕೆಯ ಒಡಲಿನಲ್ಲಿ ಕಳಿಸುವುದು) ಬೇಕು, ಸಿಎಚ್ ಸ್ಥಗಿತ ಎಂಬ ಆಯ್ಕೆಯನ್ನೂ ಸೇರಿಸಬೇಕು. ಆಗ ಲ್ಯಾಂಡ್‌ಮಾರ್ಕ್ ಕೈಗೆ ಬರುತ್ತದೆ. ಅದರ ಮೆಮೊರಿ ಲೆಕ್ಕ ಬೆರಳ ತುದಿಯಲ್ಲೇ ಮಾಡಬಹುದು. ಪ್ರತಿ ಲ್ಯಾಂಡ್‌ಮಾರ್ಕ್‌ಗೂ ಪ್ರತಿ ನೋಡ್‌ಗೆ ಹೋಗುವ ದೂರ 2 ಬೈಟ್, ಬರುವ ದೂರ 2 ಬೈಟ್. 16 ಲ್ಯಾಂಡ್‌ಮಾರ್ಕ್ ಇದ್ದರೆ ನೋಡ್‌ಗೆ 64 ಬೈಟ್. 10 ಲಕ್ಷ ನೋಡ್‌ಗಳ ನಕ್ಷೆಗೆ ಪ್ರೊಫೈಲೊಂದಕ್ಕೆ 64 ಎಂಬಿ. ಈ ಸಡಿಲಿಕೆಗೆ ಇದು ತೀರಾ ಅಗ್ಗ.

ಒಂದು ಕಟ್ಟುಪಾಡು ಇದೆ, ಕಾರಣ ತಿಳಿದರೆ ಸಿಟ್ಟು ಬರುವುದಿಲ್ಲ. ಲ್ಯಾಂಡ್‌ಮಾರ್ಕ್ ಕೊಡುವ ಸುಳಿವು ‘ಕನಿಷ್ಠ ಇಷ್ಟು ದೂರವಂತೂ ಇದೆ’ ಎಂಬ ರೀತಿಯದು. ಕೋರಿಕೆಯ ನಿಯಮ ಯಾವುದೇ ರಸ್ತೆಯನ್ನು ತಯಾರಿಯ ದಿನಕ್ಕಿಂತ ಅಗ್ಗ ಮಾಡಿದರೆ ಆ ಮಾತು ಸುಳ್ಳಾಗುತ್ತದೆ, ಒಳ್ಳೆಯ ದಾರಿ ತಪ್ಪಿಹೋಗುತ್ತದೆ. ಹಾಗಾಗಿ ಕೋರಿಕೆಯಲ್ಲಿ 1ಕ್ಕಿಂತ ದೊಡ್ಡ ಗುಣಕ ಕೊಡಲು ಬಿಡುವುದಿಲ್ಲ. ಹೆದ್ದಾರಿಯನ್ನು ಮೆಚ್ಚಿಸಬೇಕಿದ್ದರೆ ಉಳಿದ ರಸ್ತೆಗಳನ್ನು ಇಳಿಸಿ. ನಿಯಮ ಮೂಲದಿಂದ ದೂರ ಸರಿದಷ್ಟೂ ಸುಳಿವು ಸಡಿಲವಾಗಿ ಹುಡುಕಾಟ ಹಿಗ್ಗುತ್ತದೆ ಎಂಬುದೂ ನೆನಪಿರಲಿ. ಬೀದರಿನಿಂದ ಚಾಮರಾಜನಗರದವರೆಗಿನ ಕೋರಿಕೆಯಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ, ಊರೊಳಗಿನ ಕೋರಿಕೆಯಲ್ಲಿ ಗೊತ್ತೇ ಆಗುವುದಿಲ್ಲ.

ಇನ್ನು ಎಡವುವ ಜಾಗಗಳು. ಪ್ರೊಫೈಲ್ ಬದಲಿಸಿ ಮತ್ತೆ ಶುರು ಮಾಡಿದರೆ ಹೊಂದಿಕೆಯಾಗುತ್ತಿಲ್ಲ ಎಂಬ ದೋಷ ಬರುತ್ತದೆ, ಗ್ರಾಫ್ ಕ್ಯಾಶ್ ಫೋಲ್ಡರ್ ಅಳಿಸಿ ಮತ್ತೆ ಆಮದು ಮಾಡಬೇಕು. ನಿಯಮದಲ್ಲಿ ಬಳಸುವ ರಸ್ತೆಯ ಮೇಲ್ಮೈ, ಗರಿಷ್ಠ ತೂಕ, ಟೋಲ್ ಮುಂತಾದವನ್ನು ಆಮದಿಗೆ ಮುಂಚೆಯೇ ಸಂರಚನೆಯಲ್ಲಿ ಹೆಸರಿಸಿರಬೇಕು. ಮಾದರಿ ಸಂರಚನೆಯಲ್ಲಿ ಕಾಲುದಾರಿ, ಮೆಟ್ಟಿಲು, ಸೈಕಲ್ ದಾರಿಗಳನ್ನು ಆಮದಿನಲ್ಲೇ ಬಿಟ್ಟುಬಿಡುವ ಸಾಲಿರುತ್ತದೆ. ನಡಿಗೆ ಪ್ರೊಫೈಲ್ ಸೇರಿಸಿಯೂ ಆ ಸಾಲು ಉಳಿಸಿಕೊಂಡರೆ ನಡೆಯುವವರನ್ನೆಲ್ಲ ವಾಹನದ ರಸ್ತೆಗೆ ಅಟ್ಟುತ್ತದೆ. ಮುಕ್ತ ಆವೃತ್ತಿಯಲ್ಲಿ ದೂರಪಟ್ಟಿಯ ಸೇವೆ ಇಲ್ಲ, ಪಾರ್ಸೆಲ್ ಹಂಚಿಕೆಗೆ ಇದನ್ನು ಆರಿಸುವವರು ಮೊದಲು ತಿಳಿಯಬೇಕಾದ ಮಾತು ಇದು. ಜಾವಾದ ಹೀಪ್, ಅಂದರೆ ಅದು ತನ್ನ ದತ್ತಾಂಶಕ್ಕೆ ಬಳಸುವ ಮೆಮೊರಿಯ ಮಿತಿಯನ್ನು ಸರ್ವರ್‌ನ ಪೂರ್ತಿ ರ್ಯಾಮ್‌ಗೆ ಸಮ ಇಡಬೇಡಿ. ದತ್ತಾಂಶವನ್ನು ಎಂಮ್ಯಾಪ್ ರೀತಿಗೆ ಬದಲಿಸಿದ್ದರಂತೂ ಹೀಪ್ ಚಿಕ್ಕದಿರಲಿ, ಉಳಿದದ್ದು ಆಪರೇಟಿಂಗ್ ಸಿಸ್ಟಮ್‌ನ ಪುಟ ಸಂಗ್ರಹಕ್ಕೆ (ಡಿಸ್ಕ್‌ನಿಂದ ಓದಿದ್ದನ್ನು ರ್ಯಾಮ್‌ನಲ್ಲಿ ಇಟ್ಟುಕೊಳ್ಳುವ ಜಾಗಕ್ಕೆ) ಬೇಕು.

ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಬೆಳೆದ ಓಪನ್‌ರೂಟ್‌ಸರ್ವೀಸ್ ಇದೇ ಗ್ರಾಫ್‌ಹಾಪರ್‌ನ ಕವಲು. ಅದರಲ್ಲಿ ದೂರಪಟ್ಟಿಯೂ ಇಷ್ಟು ನಿಮಿಷದಲ್ಲಿ ತಲುಪಬಹುದಾದ ಪ್ರದೇಶದ ನಕ್ಷೆಯೂ ಸಿಗುತ್ತವೆ. ಪರವಾನಗಿ ಮಾತ್ರ ಜಿಪಿಎಲ್.

ವಾಲ್‌ಹಲ್ಲಾ: ಕಡಿಮೆ ರ್ಯಾಮ್, ಗಡಿಯಾರ ನೋಡುವ ಹುಡುಕಾಟ

ಮ್ಯಾಪ್‌ಜೆನ್ ಸಂಸ್ಥೆಯಲ್ಲಿ ಹುಟ್ಟಿ, ಆ ಸಂಸ್ಥೆ 2018ರ ಜನವರಿಯಲ್ಲಿ ಮುಚ್ಚಿದ ಮೇಲೂ ಬದುಕುಳಿದ ಎಂಜಿನ್ ಇದು. ಸಿ++, ಎಂಐಟಿ ಪರವಾನಗಿ. ಇದು ಒಳದಾರಿ ಹಾಕಿ ತೂಕವನ್ನು ಗಟ್ಟಿ ಮಾಡುವುದೇ ಇಲ್ಲ. ನಕ್ಷೆಯನ್ನು ಚೌಕಗಳಾಗಿ ಕತ್ತರಿಸಿ ಡಿಸ್ಕ್‌ನಲ್ಲಿಡುತ್ತದೆ: ಹೆದ್ದಾರಿಗಳಿಗೆ 4 ಡಿಗ್ರಿಯ ಚೌಕ, ಮುಖ್ಯ ರಸ್ತೆಗಳಿಗೆ 1 ಡಿಗ್ರಿ, ಊರ ರಸ್ತೆಗಳಿಗೆ ಕಾಲು ಡಿಗ್ರಿ. ಕೋರಿಕೆ ಬಂದಾಗ ಬೇಕಾದ ಚೌಕವನ್ನಷ್ಟೇ ತೆರೆಯುತ್ತದೆ. ಕಾರು, ಲಾರಿ, ಸೈಕಲ್, ನಡಿಗೆ ಎಲ್ಲಕ್ಕೂ ಒಂದೇ ಚೌಕಗಳು. ತೂಕದ ಲೆಕ್ಕ ಆ ಕ್ಷಣದಲ್ಲೇ ನಡೆಯುತ್ತದೆ. ಲಾರಿಯ ಎತ್ತರ 4.11 ಮೀಟರ್, ಅಗಲ 2.6 ಮೀಟರ್ ಎಂಬ ಮೂಲ ಅಳತೆಗಳನ್ನು ಪ್ರತಿ ಕೋರಿಕೆಯಲ್ಲೂ ನಿಮ್ಮ ಗಾಡಿಗೆ ತಕ್ಕಂತೆ ಬದಲಿಸಬಹುದು. ಟೋಲ್ ಇಷ್ಟವೋ ಇಲ್ಲವೋ ಎಂಬುದನ್ನು 0ಯಿಂದ 1ರ ನಡುವೆ ಹೇಳಬಹುದು.

ಬೆಲೆ ವೇಗದಲ್ಲಿ ತೆರಬೇಕು. ದೂರದ ಕೋರಿಕೆಗಳಲ್ಲಿ ಸಿಎಚ್‌ಗಿಂತ ಬಹಳ ನಿಧಾನ. ಅದನ್ನು ತಗ್ಗಿಸಲು ಹುಡುಕಾಟ ಎರಡೂ ತುದಿಯಿಂದ ದೂರ ಸರಿಯುತ್ತಿದ್ದಂತೆ ಚಿಕ್ಕ ರಸ್ತೆಗಳನ್ನು ಬಿಟ್ಟು ಹೆದ್ದಾರಿಯ ಹಂತಕ್ಕೆ ಏರುತ್ತದೆ. ಇದರಿಂದಾಗಿ ಸಿಕ್ಕ ದಾರಿ ಗಣಿತದ ಲೆಕ್ಕದಲ್ಲಿ ಅತ್ಯುತ್ತಮವೇ ಆಗಿರಬೇಕೆಂದಿಲ್ಲ. ಹೆದ್ದಾರಿ ಬೇಡ ಎಂದು ಕೇಳಿದ ದೂರದ ಕೋರಿಕೆಗಳಲ್ಲಿ ಇದನ್ನು ಗಮನಿಸಿ ನೋಡಬೇಕು.

ಆದರೆ ಗಡಿಯಾರದ ವಿಷಯದಲ್ಲಿ ಇದು ಮಾಡುವುದನ್ನು ಮೊದಲ ಎಂಜಿನ್ ಮಾಡಲಾರದು. ಬಂಡೀಪುರದ ಮೂಲಕ ಹೋಗುವ ರಾಷ್ಟ್ರೀಯ ಹೆದ್ದಾರಿ 766ರಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಒಎಸ್‌ಆರ್‌ಎಂನಲ್ಲಿ ಇದಕ್ಕೆ ಹಗಲಿಗೊಂದು ರಾತ್ರಿಗೊಂದು ತೂಕದ ಕಂತೆ ಮಾಡಿ ಅದಲುಬದಲು ಮಾಡಬೇಕು. ಆದರೂ ತಪ್ಪುತ್ತದೆ. ಮೈಸೂರಿನಿಂದ ಸಂಜೆ ಏಳೂವರೆಗೆ ಹೊರಟವರಿಗೆ ಹಗಲಿನ ಕಂತೆ ದಾರಿ ತೆರೆದಿದೆ ಎನ್ನುತ್ತದೆ, ಅವರು ಗೇಟು ಮುಟ್ಟುವ ಹೊತ್ತಿಗೆ ಅದು ಮುಚ್ಚಿರಬಹುದು. ಹೊರಡುವ ಗಂಟೆಯಲ್ಲ, ತಲುಪುವ ಗಂಟೆ ಮುಖ್ಯ. ನಕ್ಷೆಯಲ್ಲಿ ಆ ನಿರ್ಬಂಧ ಗಂಟೆಯ ಸಮೇತ ನಮೂದಾಗಿದ್ದರೆ, ಹೊರಡುವ ಸಮಯ ಕೊಟ್ಟ ಕೋರಿಕೆಯಲ್ಲಿ ವಾಲ್‌ಹಲ್ಲಾ ಆ ತುಣುಕನ್ನು ಮುಟ್ಟುವ ಹೊತ್ತನ್ನೇ ಲೆಕ್ಕ ಹಾಕಿ, ಮುಚ್ಚಿದ್ದರೆ ಕುಟ್ಟದ ಕಡೆಯ ದಾರಿ ಹಿಡಿಯಬಲ್ಲದು. ದಟ್ಟಣೆಯ ಇತಿಹಾಸವನ್ನೂ ವಾರದ 2016 ಐದು ನಿಮಿಷದ ತುಣುಕುಗಳಾಗಿ, ಅದನ್ನು 200 ಗುಣಾಂಕಗಳಿಗೆ ಕುಗ್ಗಿಸಿ, ಚೌಕಗಳಲ್ಲೇ ಸೇರಿಸಬಹುದು.

ಚಾರ್ಮಾಡಿಯಂಥ ಬಂದ್‌ಗೆ ಇಲ್ಲಿ ಬಹುಭುಜ ಕೊಡಬಹುದು, ಆದರೆ ಬಹುಭುಜಗಳ ಒಟ್ಟು ಸುತ್ತಳತೆಗೆ 10 ಕಿ.ಮೀ. ಮಿತಿ ಇಟ್ಟಿದೆ. ಘಾಟಿ ರಸ್ತೆ ಮುಚ್ಚಲು ಅಷ್ಟು ಬೇಕೂ ಇಲ್ಲ. ರಸ್ತೆಯ ಮೇಲಿನ ಒಂದು ಬಿಂದುವನ್ನು ಹೊರಗಿಡುವ ಸ್ಥಳವಾಗಿ ಕೊಟ್ಟರೆ ಆ ತುಣುಕು ಕಡಿದು ಹೋಗುತ್ತದೆ, ಹಾದುಹೋಗುವ ದಾರಿ ತಾನಾಗಿ ತಪ್ಪುತ್ತದೆ. ದೂರಪಟ್ಟಿಗೆ 2,500 ಜೋಡಿ, 400 ಕಿ.ಮೀ. ಎಂಬ ಮಿತಿಗಳಿವೆ. ಬೆಂಗಳೂರಿನಿಂದ ಬೆಳಗಾವಿ ಅದರಾಚೆ ಇರುವುದರಿಂದ ರಾಜ್ಯವ್ಯಾಪಿ ಬಳಕೆಗೆ ಅದನ್ನು ಏರಿಸಲೇಬೇಕು.

ತಯಾರಿಯ ಕ್ರಮವೂ ಮುಖ್ಯ. ಸಂರಚನೆ, ಆಮೇಲೆ ಆಡಳಿತ ಗಡಿಗಳ ಡೇಟಾಬೇಸ್, ಸಮಯವಲಯ, ಕೊನೆಗೆ ಚೌಕಗಳು. ಗಡಿಗಳ ಹೆಜ್ಜೆ ಬಿಟ್ಟರೆ ಎಂಜಿನ್ನಿಗೆ ನಾವು ಎಡಗಡೆ ಓಡಿಸುವವರೆಂದು ತಿಳಿಯುವುದಿಲ್ಲ. ಸಮಯವಲಯ ಬಿಟ್ಟರೆ ಬಂಡೀಪುರದ ಗಡಿಯಾರ ತಪ್ಪುತ್ತದೆ. ಚೌಕಗಳನ್ನು ಒಂದು ಟಾರ್ ಕಡತಕ್ಕೆ ಕಟ್ಟಿ ಕೊಡಿ, ಎಂಮ್ಯಾಪ್ ಆಗಿ ಎಲ್ಲ ಥ್ರೆಡ್‌ಗಳೂ (ಏಕಕಾಲಕ್ಕೆ ಓಡುವ ಕೆಲಸದ ಎಳೆಗಳು) ಹಂಚಿಕೊಳ್ಳುತ್ತವೆ. ಕಟ್ಟದಿದ್ದರೆ ಪ್ರತಿ ಥ್ರೆಡ್‌ಗೂ ತನ್ನದೇ ಕ್ಯಾಶ್, ಮಿತಿ ತಲಾ ಸುಮಾರು 1 ಜಿಬಿ. 8 ಥ್ರೆಡ್ ಇಟ್ಟ 4 ಜಿಬಿ ಸರ್ವರ್ ಮೊದಲ ದಿನ ಚೆನ್ನಾಗಿ ಓಡಿ ಮೂರನೇ ದಿನ ಬೀಳುವುದಕ್ಕೆ ಇದೇ ಕಾರಣವಾಗುತ್ತದೆ.

ಉಳಿದ ಎರಡು

ಪಿಜಿರೂಟಿಂಗ್ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಒಳಗೇ ಓಡುತ್ತದೆ. ತೂಕ ಯಾವುದೇ ಎಸ್‌ಕ್ಯೂಎಲ್ ಆಗಬಹುದು, ಇದಕ್ಕಿಂತ ಸಡಿಲವಾದದ್ದು ಬೇರಿಲ್ಲ. ಆದರೆ ಪ್ರತಿ ಪ್ರಶ್ನೆಗೂ ರಸ್ತೆಗಳನ್ನು ಮತ್ತೆ ಓದಿ ನಕ್ಷೆ ಕಟ್ಟುತ್ತದೆ. ಎರಡು ತುದಿಗಳ ಸುತ್ತ ಚೌಕಟ್ಟು ಹಾಕಿ ರಸ್ತೆಗಳನ್ನು ಸೋಸದಿದ್ದರೆ ರಾಜ್ಯದ ನಕ್ಷೆಯಲ್ಲೇ ಏದುಸಿರು ಬಿಡುತ್ತದೆ. ನೀರಿನ ಕೊಳವೆ ಜಾಲ, ಒಂದು ತಾಲೂಕಿನ ಶಾಲಾ ಬಸ್ಸಿನ ಅಧ್ಯಯನದಂಥ ಕೆಲಸಕ್ಕೆ ಒಳ್ಳೆಯದು. ಬ್ರೌಟರ್ ಸೈಕಲ್ ಸವಾರರದ್ದು. 5 ಡಿಗ್ರಿ ಚೌಕದ ಕಡತಗಳೊಂದಿಗೆ ಫೋನಿನಲ್ಲೇ, ನೆಟ್‌ವರ್ಕ್ ಇಲ್ಲದೆ, ಏರಿಳಿತವನ್ನೂ ಲೆಕ್ಕ ಹಾಕುತ್ತದೆ.

ಅಳೆದು ನೋಡುವ ಬಗೆ

ಓಪನ್‌ಸ್ಟ್ರೀಟ್‌ಮ್ಯಾಪ್ ಕಡತಗಳನ್ನು ಪ್ರದೇಶವಾರು ಕೊಡುವ ಜಿಯೋಫ್ಯಾಬ್ರಿಕ್ ತಾಣದಲ್ಲಿ ಕರ್ನಾಟಕ ದಕ್ಷಿಣ ವಲಯದ ಕಡತದಲ್ಲಿ ಸಿಗುತ್ತದೆ. ಪೂರ್ವ ರೇಖಾಂಶ 74ರಿಂದ 78.6, ಉತ್ತರ ಅಕ್ಷಾಂಶ 11.5ರಿಂದ 18.5ರ ಚೌಕಟ್ಟಿನಲ್ಲಿ ಆಸ್ಮಿಯಂ ಎಂಬ ಸಾಧನದಿಂದ ಕತ್ತರಿಸಿಕೊಳ್ಳಬಹುದು. ಚೌಕಟ್ಟಿನ ವಾಯವ್ಯ ಮೂಲೆಯನ್ನೂ ತುಂಬಿಸಬೇಕೆಂದರೆ ಪಶ್ಚಿಮ ವಲಯದ ಕಡತವನ್ನೂ ಸೇರಿಸಿ ಕತ್ತರಿಸಿ. ರಾಜ್ಯದ ಗಡಿಗೆ ಸರಿಯಾಗಿ ಮಾತ್ರ ಕತ್ತರಿಸಬೇಡಿ. ಪಾವಗಡದ ಬಹುಪಾಲು ಸುತ್ತ ಆಂಧ್ರ ಇದೆ, ಗಡಿಗೆ ಕತ್ತರಿಸಿದರೆ ಅಲ್ಲಿಯವರು ನಿತ್ಯ ಬಳಸುವ ದಾರಿಗಳೇ ನಕ್ಷೆಯಲ್ಲಿ ಇರುವುದಿಲ್ಲ.

ಕೋರಿಕೆಗಳನ್ನು ಊರೊಳಗೆ, ಪಕ್ಕದ ಜಿಲ್ಲೆಗೆ, ರಾಜ್ಯದ ಆಚೆ ತುದಿಗೆ ಎಂದು ಮೂರು ಗುಂಪು ಮಾಡಿ ಗುಂಪಿಗೆ ಸಾವಿರದಂತೆ ಓಡಿಸಿ. ಸರಾಸರಿ ನೋಡಬೇಡಿ, 50, 95, 99ನೇ ಶತಾಂಶ ನೋಡಿ; 99ನೇ ಶತಾಂಶವೆಂದರೆ ನೂರರಲ್ಲಿ 99 ಕೋರಿಕೆಗಳು ಮುಗಿಯುವ ಹೊತ್ತು. ತಯಾರಿಯ ಗರಿಷ್ಠ ಮೆಮೊರಿಯನ್ನು ಟೈಮ್ ಆಜ್ಞೆಯ ವಿವರ ಆಯ್ಕೆ ಹೇಳುತ್ತದೆ. ಎಂಮ್ಯಾಪ್ ಬಳಸುವ ಎಂಜಿನ್‌ನಲ್ಲಿ ಪ್ರಕ್ರಿಯೆಯ ಮೆಮೊರಿ ಅಂಕಿ ಪುಟ ಸಂಗ್ರಹವನ್ನೂ ಸೇರಿಸಿ ತೋರಿಸುವುದರಿಂದ ಅದನ್ನು ನಂಬುವಂತಿಲ್ಲ. ಕಂಟೇನರ್‌ಗೆ ಮಿತಿ ಹಾಕಿ, ಮಿತಿಯನ್ನು ಇಳಿಸುತ್ತಾ ಹೋಗಿ, 99ನೇ ಶತಾಂಶ ಎಲ್ಲಿ ಒಮ್ಮೆಲೇ ಏರುತ್ತದೋ ಅದು ನಿಜವಾದ ಅಗತ್ಯ.

ಅಳೆಯುವ ಮುನ್ನ ನಿರ್ದೇಶಾಂಕದ ಕ್ರಮ ಪರೀಕ್ಷಿಸಿ. ಒಎಸ್‌ಆರ್‌ಎಂ ರೇಖಾಂಶ ಮೊದಲು ಕೇಳುತ್ತದೆ. ಗ್ರಾಫ್‌ಹಾಪರ್ ಗೆಟ್ ವಿಧಾನದಲ್ಲಿ ಅಕ್ಷಾಂಶ ಮೊದಲು, ಪೋಸ್ಟ್‌ನಲ್ಲಿ ರೇಖಾಂಶ ಮೊದಲು. ವಾಲ್‌ಹಲ್ಲಾ ಹೆಸರು ಹಿಡಿದು ಕೇಳುತ್ತದೆ. ಬೆಂಗಳೂರಿನ 12.97, 77.59 ತಿರುಗುಮುರುಗಾದರೆ ಸ್ವಾಲ್‌ಬಾರ್ಡ್ ದ್ವೀಪಗಳ ಬಳಿ ಬೀಳುತ್ತದೆ. ಗ್ರಾಫ್‌ಹಾಪರ್ ನಕ್ಷೆಯಾಚೆ ಎಂದು ದೋಷ ಕೊಡುತ್ತದೆ. ಒಎಸ್‌ಆರ್‌ಎಂ ಮಾತ್ರ, ತ್ರಿಜ್ಯದ ಮಿತಿ ಹಾಕದಿದ್ದರೆ, ನಕ್ಷೆಯಲ್ಲಿ ಅದಕ್ಕೆ ಹತ್ತಿರವೆನಿಸಿದ ಯಾವುದೋ ರಸ್ತೆಗೆ ಅಂಟಿಸಿ, ಕೆಲವೇ ಮೈಕ್ರೋಸೆಕೆಂಡಿನಲ್ಲಿ ಸೊನ್ನೆ ದೂರದ ದಾರಿ ಕೊಡಬಹುದು. ಅಂಥ ಉತ್ತರಗಳು ಅಳತೆಯಲ್ಲಿ ಸೇರಿಕೊಂಡರೆ ಎಂಜಿನ್ ಇರುವುದಕ್ಕಿಂತ ವೇಗವಾಗಿ ಕಾಣುತ್ತದೆ. ಆದ್ದರಿಂದ ಪ್ರತಿ ಉತ್ತರದಲ್ಲೂ ಅಂಟಿಸಿದ ಬಿಂದು ಕೇಳಿದ ಬಿಂದುವಿನಿಂದ ಎಷ್ಟು ಮೀಟರ್ ದೂರವಿದೆ ಎಂಬುದನ್ನೂ ಬರೆದುಕೊಳ್ಳಿ, 500 ಮೀಟರ್ ದಾಟಿದವನ್ನು ಲೆಕ್ಕದಿಂದ ತೆಗೆದಿಡಿ.